ದಸರಾ ರಜೆಗೆ ಉತ್ತರ ಕನ್ನಡ: ಯಾವ ನದಿಯ ದಾರಿ ಹಿಡಿಯುವುದು?

ಪ್ರಶ್ನೆ (ಚಿಕ್ಕಮಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ಅರೇಬಿಕಾ ಕಾಫಿ ಹಣ್ಣಿನ ಕೊಯ್ಲು ಶುರುವಾದ ಮೇಲೆ ತೋಟ ಬಿಟ್ಟು ಕದಲಲು ಆಗುವುದಿಲ್ಲವಾದ್ದರಿಂದ, ಅದಕ್ಕೂ ಮೊದಲು ದಸರಾ ರಜೆಯಲ್ಲಿ ನಾಲ್ಕೈದು ದಿನ ಉತ್ತರ ಕನ್ನಡದ ಕರಾವಳಿಗೆ ಹೋಗಿಬರುವ ಯೋಚನೆಯಲ್ಲಿದ್ದೇವೆ. ಜೊತೆಯಲ್ಲಿ ಮಂಡಿನೋವಿರುವ ನನ್ನ ತಾಯಿಯೂ ಶಾಲೆಗೆ ಹೋಗುವ ಇಬ್ಬರು ಮಕ್ಕಳೂ ಇರುತ್ತಾರೆ. ನಮ್ಮ ಭದ್ರೆಯು ತುಂಗೆಯನ್ನು ಕೂಡಿ, ಕೃಷ್ಣೆಯನ್ನು ಸೇರಿ, ಎಷ್ಟೋ ದೂರ ಹರಿದು ಬಂಗಾಳ ಕೊಲ್ಲಿಯನ್ನು ಮುಟ್ಟುವ ಹೊಳೆ. ಹೆಬ್ಬೆ, ಕಲ್ಹತ್ತಿಗಳನ್ನು ನೋಡಿ ಬೆಳೆದ ಮಕ್ಕಳಿಗೆ, ಘಟ್ಟದಿಂದ ಧುಮುಕಿದ ನೀರು ಅಲ್ಲೇ ಕೆಳಗೆ ಸಮುದ್ರ ಸೇರುವುದನ್ನು ತೋರಿಸಬೇಕೆಂಬುದು ನನ್ನ ಆಸೆ. ಜೋಗ, ಉಂಚಳ್ಳಿ, ಮಾಗೋಡು, ಸಾತೊಡ್ಡಿ, ಯಾಣ, ಮುರ್ಡೇಶ್ವರ, ಗೋಕರ್ಣ, ಕಾರವಾರ ಎಂದು ಪಟ್ಟಿ ಬರೆದಿಟ್ಟಿದ್ದೇನೆ. ಇಷ್ಟನ್ನೂ ನೋಡಲು ಸಾಧ್ಯವೇ? ಅಕ್ಟೋಬರಿನಲ್ಲಿ ಜಲಪಾತಗಳಲ್ಲಿ ನೀರಿರುತ್ತದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಕೊಪ್ಪದಿಂದ)

ನಿಮ್ಮ ಆಸೆ ಸರಿಯಾಗಿದೆ, ಆದರೆ ಪಟ್ಟಿ ಅದಕ್ಕೆ ಹೊಂದುವುದಿಲ್ಲ. ಮಾಗೋಡು ಯಲ್ಲಾಪುರದ ಕಡೆ, ಬೇಡ್ತಿ ನದಿಯದು, ಸಾತೊಡ್ಡಿಯ ನೀರು ಕಾಳಿಗೆ ಸೇರುತ್ತದೆ, ಉಂಚಳ್ಳಿ ಅಘನಾಶಿನಿಯದು, ಜೋಗ ಶರಾವತಿಯದು. ನಾಲ್ಕು ನದಿಗಳ ಜಲಪಾತಗಳನ್ನು ಒಂದೇ ಪ್ರವಾಸದಲ್ಲಿ ಮುಗಿಸಹೊರಟರೆ ಮಕ್ಕಳು ಹೆಚ್ಚಾಗಿ ನೋಡುವುದು ಘಟ್ಟದ ತಿರುವುಗಳನ್ನು. ನನ್ನ ಸಲಹೆಯೆಂದರೆ ಶರಾವತಿಯ ಜೊತೆ ಇಳಿಯಿರಿ, ಅಘನಾಶಿನಿಯ ಜೊತೆ ಹತ್ತಿ ಬನ್ನಿ. ಉಳಿದ ಎರಡು ನದಿಗಳನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೊಳ್ಳಿ.

ತರೀಕೆರೆ, ಶಿವಮೊಗ್ಗ, ಸಾಗರದ ಮೇಲೆ ಜೋಗಕ್ಕೆ ಹೋಗಿ ಅಲ್ಲಿಯೇ ತಂಗಬಹುದು. ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಾಗಿ 253 ಮೀಟರ್ ಧುಮುಕುವ ಶರಾವತಿಯನ್ನು ಮೇಲಿನ ವೀಕ್ಷಣಾ ಸ್ಥಳದಿಂದಲೇ ಚೆನ್ನಾಗಿ ನೋಡಬಹುದಾದ್ದರಿಂದ ತಾಯಿಯವರು ಮೆಟ್ಟಿಲಿಳಿಯಬೇಕಾಗಿಲ್ಲ. ಆದರೆ ಒಂದು ಮಾತು ತಿಳಿದಿರಲಿ. ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು 1964ರಿಂದಲೂ ಇರುವುದರಿಂದ ಜೋಗದ ವೈಭವ ಮಳೆಯನ್ನು ಮಾತ್ರ ನೆಚ್ಚಿಕೊಂಡಿಲ್ಲ. ಜಲಾಶಯ ತುಂಬಿ ಗೇಟು ತೆರೆದ ದಿನಗಳಲ್ಲಿ ಕಾಣುವ ಜೋಗವೇ ಬೇರೆ, ಉಳಿದ ದಿನಗಳದ್ದೇ ಬೇರೆ. ಉಂಚಳ್ಳಿಯ ಮೇಲ್ಗಡೆ ಅಂಥ ಅಣೆಕಟ್ಟು ಇಲ್ಲ. ಶಿರಸಿಯಲ್ಲಿ ಹುಟ್ಟಿ ತದಡಿಯಲ್ಲಿ ಕಡಲು ಸೇರುವವರೆಗೂ ಅಘನಾಶಿನಿಗೆ ಅಣೆಕಟ್ಟು ಕಟ್ಟಿಲ್ಲವಾದ್ದರಿಂದ, 116 ಮೀಟರ್ ಎತ್ತರದ ಆ ಜಲಪಾತ ಕಾಡಿನಲ್ಲಿ ಬಿದ್ದ ಮಳೆಯಷ್ಟನ್ನೇ ನಂಬಿಕೊಂಡಿದೆ. ಅಕ್ಟೋಬರಿನಲ್ಲಿ ನೀರು ಧಾರಾಳವಾಗಿ ಇರುತ್ತದೆ, ಮಳೆಗಾಲದಂತೆ ಮಂಜು ಕವಿದು ಏನೂ ಕಾಣದೆ ಮರಳುವ ಪ್ರಸಂಗವೂ ಕಡಿಮೆ.

ಜೋಗದಿಂದ ಘಟ್ಟ ಇಳಿದರೆ ಗೇರುಸೊಪ್ಪೆ. ಅಲ್ಲಿಗೆ ಹತ್ತಿರ, ಕಾಡಿನೊಳಗಿರುವ ನಗರಬಸ್ತಿಕೇರಿಯ ಚತುರ್ಮುಖ ಬಸದಿಯನ್ನು ದಯವಿಟ್ಟು ಬಿಡಬೇಡಿ. ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿ 16ನೆಯ ಶತಮಾನದಲ್ಲಿ ಆಳಿದ ರಾಜಧಾನಿ ಅದು. ನಿಮ್ಮ ತೋಟದ ಸಿಲ್ವರ್ ಮರಗಳಿಗೆ ಹಬ್ಬಿರುವ ಅದೇ ಮೆಣಸು, ಒಂದು ಕಾಲದಲ್ಲಿ ಘಟ್ಟದಿಂದಿಳಿದು ಈ ಹೊಳೆಗಳ ದಾರಿಯಾಗಿಯೇ ಹೊನ್ನಾವರ, ಮಿರ್ಜಾನಿನ ಬಂದರುಗಳನ್ನು ಮುಟ್ಟಿ ಹಡಗು ಹತ್ತುತ್ತಿತ್ತು ಎಂದು ಮಕ್ಕಳಿಗೆ ಅಲ್ಲೇ ನಿಂತು ಹೇಳಿ. ಆಮೇಲೆ ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವುದನ್ನೂ, ಮರುದಿನ ಅಘನಾಶಿನಿಯ ದಂಡೆಯಲ್ಲಿರುವ ಕೆಂಪುಕಲ್ಲಿನ ಮಿರ್ಜಾನ್ ಕೋಟೆಯನ್ನೂ ನೋಡಿದರೆ ಆ ಕತೆ ತಾನಾಗಿ ಪೂರ್ಣವಾಗುತ್ತದೆ.

ತದಡಿಯಲ್ಲಿ ಆಚೆ ದಡದ ಅಘನಾಶಿನಿ ಊರಿಗೆ ದೋಣಿಯಿದೆ. ಇಳಿತದ ಹೊತ್ತಿನಲ್ಲಿ ಹೋದರೆ ನೀರಿನಲ್ಲಿ ನಿಂತು ಚಿಪ್ಪು ಆರಿಸುವ ಜನರನ್ನು ಕಾಣುವಿರಿ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿಯೂ ಇದೇ ಅಳಿವೆಯ ಸುತ್ತ ಇದೆ. 2024ರಲ್ಲಿ ಈ ಅಳಿವೆಗೆ, ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳಿಗೆ ಸಲ್ಲುವ ರಾಮ್ಸರ್ ಮಾನ್ಯತೆ ದೊರೆತಿದೆ. ಗೋಕರ್ಣ ಪಕ್ಕದಲ್ಲೇ ಇರುವುದರಿಂದ ಅದಕ್ಕೆ ಬೇರೆ ದಿನ ಬೇಕಾಗದು.

ಉತ್ತರ 2 (ಹಾಸನದಿಂದ)

ಮೇಲಿನವರ ಮಾತನ್ನು ಗೌರವಿಸುತ್ತಲೇ ಕಾರವಾರದ ಪರವಾಗಿ ಎರಡು ಮಾತು ಹೇಳುತ್ತೇನೆ. ತಾಯಿಯವರಿಗೆ ಮಂಡಿನೋವಿರುವಾಗ ಇಡೀ ದಾರಿಯನ್ನು ಕಾರಿನಲ್ಲಿ ಕ್ರಮಿಸುವುದಕ್ಕಿಂತ, ಹಾಸನಕ್ಕೆ ಬಂದು ಬೆಂಗಳೂರು–ಕಾರವಾರ ರಾತ್ರಿ ರೈಲು ಹತ್ತುವುದು ಹಿತ. ಅದು ಸಕಲೇಶಪುರದ ಘಟ್ಟವಿಳಿದು ಕರಾವಳಿಯುದ್ದಕ್ಕೂ ಸಾಗಿ ಬೆಳಿಗ್ಗೆ ಕಾರವಾರ ತಲಪಿಸುತ್ತದೆ. ಸದಾಶಿವಗಡದ ಮೇಲಿನಿಂದ ಕಾಣುವ ಕಾಳಿಯ ಅಳಿವೆಯಷ್ಟು ವಿಶಾಲವಾದ ನೋಟ ಆ ಕರಾವಳಿಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಲ್ಲಿಂದ ಹಗಲಿನ ಪ್ಯಾಸೆಂಜರ್ ಗಾಡಿಯಲ್ಲಿ ದಕ್ಷಿಣಕ್ಕೆ ಬಂದರೆ ಗಂಗಾವಳಿ (ಬೇಡ್ತಿಗೆ ಕೆಳಗೆ ಇರುವ ಹೆಸರು), ಅಘನಾಶಿನಿ, ಶರಾವತಿ ಮೂರನ್ನೂ ಕಿಟಕಿಯಿಂದಲೇ ದಾಟಬಹುದು. ಹೊನ್ನಾವರದ ಶರಾವತಿ ಸೇತುವೆ 2 ಕಿಲೋಮೀಟರಿಗಿಂತ ಉದ್ದವಿದ್ದು, ಕೊಂಕಣ ರೈಲು ಮಾರ್ಗದಲ್ಲಿ ಅತಿ ಉದ್ದವಾದದ್ದು. ಈ ದಾರಿಯಲ್ಲಿ ಜಲಪಾತಗಳು ತಪ್ಪುತ್ತವೆ, ನಿಜ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮೆಣಸಿನ ದಾರಿಯ ವಿಚಾರ ಓದಿದ ಮೇಲೆ ಮೊದಲನೆಯ ಸಲಹೆಯಂತೆಯೇ ಹೋಗಬೇಕೆನಿಸಿದೆ. ಉಂಚಳ್ಳಿಗೆ ತಾಯಿ ಬರಬಲ್ಲರೇ? ಮಳೆ ಹಿಡಿದರೆ ಘಟ್ಟದ ರಸ್ತೆಗಳ ಗತಿಯೇನು?

ಉತ್ತರ 3 (ಸಕಲೇಶಪುರದಿಂದ)

ಉಂಚಳ್ಳಿಯಲ್ಲಿ ವಾಹನ ನಿಲ್ಲಿಸಿದ ಮೇಲೆ ಕಾಡುದಾರಿಯಲ್ಲಿ ನಡೆದು ಮೆಟ್ಟಿಲಿಳಿಯಬೇಕು, ಬರುವಾಗ ಅಷ್ಟೇ ಏರಬೇಕು. ತಾಯಿಯವರನ್ನು ಅಲ್ಲಿ ನಡೆಸುವುದು ಬೇಡ. ಒಬ್ಬರು ಅವರೊಂದಿಗೆ ಶಿರಸಿಯಲ್ಲಿ ಉಳಿದು ಮಾರಿಕಾಂಬೆಯ ದರ್ಶನ ಮಾಡಿಸಲಿ, ಇನ್ನೊಬ್ಬರು ಮಕ್ಕಳನ್ನು ಕರೆದೊಯ್ಯಲಿ. ಯಾಣಕ್ಕೂ ಇದೇ ಮಾತು ಅನ್ವಯಿಸುತ್ತದೆ.

ರಸ್ತೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಪಕ್ಕ ನಿಂತಿದ್ದವರನ್ನು ಗಂಗಾವಳಿಗೆ ನೂಕಿದ ದುರಂತ ನಮಗೆಲ್ಲ ನೆನಪಿದೆ. ಘಟ್ಟದಲ್ಲಿ ಮನೆಯಿರುವ ನಮಗೆ ಕಡಿದು ನಿಲ್ಲಿಸಿದ ಗುಡ್ಡದ ಸ್ವಭಾವ ಗೊತ್ತು: ಸತತ ಮಳೆಯಲ್ಲಿ ನೀರು ಕುಡಿದ ಮಣ್ಣು ಮಳೆ ನಿಂತ ಮೇಲೂ ಜಾರಬಹುದು. ಆದ್ದರಿಂದ ಜೋರು ಮಳೆಯ ದಿನ ಘಟ್ಟ ಇಳಿಯಬೇಡಿ, ಗುಡ್ಡ ಕಡಿದ ಕಡೆ ಚಹಾಕ್ಕೆಂದೂ ವಾಹನ ನಿಲ್ಲಿಸಬೇಡಿ. ಕುಮಟಾದಿಂದ ಶಿರಸಿಗೆ ಹತ್ತುವ ದೇವಿಮನೆ ಘಟ್ಟದಲ್ಲಿ ಅಗಲೀಕರಣದ ಕೆಲಸಕ್ಕಾಗಿ ಸಂಚಾರ ನಿಲ್ಲಿಸಿದ್ದುಂಟು. ಹೊರಡುವ ಹಿಂದಿನ ದಿನ ಕುಮಟಾದಲ್ಲಿ ವಿಚಾರಿಸಿಕೊಳ್ಳಿ. ಮುಚ್ಚಿದ್ದರೆ ದೊಡ್ಮನೆ ಘಟ್ಟದ ಮೂಲಕ ಸಿದ್ದಾಪುರ ಸೇರಬಹುದು, ರಸ್ತೆ ಕಿರಿದಾದ್ದರಿಂದ ಹಗಲಿನಲ್ಲೇ ಹತ್ತಿ.

ಅಳಿವೆಯ ಬಾಯಲ್ಲಿ ನೀರು ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತವಿರುತ್ತದೆ, ಮಕ್ಕಳನ್ನು ಅಲ್ಲಿ ಇಳಿಸಬೇಡಿ. ನೀರಾಟಕ್ಕೆ ಹೊನ್ನಾವರದ ಕಾಸರಕೋಡು ಕಡಲತೀರ ವಾಸಿ. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು 2020ರಲ್ಲಿ ಪಡೆದ ತೀರವದು. ಅಲ್ಲಿಗೆ ಸಮೀಪದಲ್ಲೇ ಶರಾವತಿಯ ಕಾಂಡ್ಲಾವನದೊಳಗೆ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು) ಮರದ ಹಲಗೆಯ ಕಾಲುದಾರಿಯಿದೆ, ತಾಯಿಯವರೂ ನಿಧಾನವಾಗಿ ನಡೆಯಬಲ್ಲರು. ಕಾಂಡ್ಲಾ ಗಿಡಗಳ ನಡುವೆ ದೋಣಿಯಲ್ಲೂ ಹೋಗುವುದಾದರೆ ಉಬ್ಬರದ ವೇಳೆಯನ್ನು ದೋಣಿಯವರಲ್ಲಿ ಮೊದಲೇ ಕೇಳಿಕೊಂಡು ಅದಕ್ಕೆ ಸರಿಯಾಗಿ ಊಟದ ಸಮಯವನ್ನು ಹೊಂದಿಸಿಕೊಳ್ಳಿ.