ಎಲ್ಲ ಮೈಕಲ್ಲೂ ಬ್ಯಾಂಜೋನೇ ಕೇಳಿಸುತ್ತದೆ, ಏನು ಮಾಡಲಿ?

ತಂತಿಮರುಳ:

ಸ್ನೇಹಿತರ ಬ್ಲೂಗ್ರಾಸ್ (ಅಮೆರಿಕದ ತಂತಿವಾದ್ಯಗಳ ಜನಪದ ಶೈಲಿ) ಬ್ಯಾಂಡ್ ಒಂದಿದೆ. ಐದು ಜನ: ಬ್ಯಾಂಜೋ, ಮ್ಯಾಂಡೊಲಿನ್, ಫಿಡಲ್, ಗಿಟಾರ್, ನಿಂತು ನುಡಿಸುವ ದೊಡ್ಡ ಬಾಸ್. ಮೂವರು ಹಾಡುತ್ತಾರೆ. ಡ್ರಮ್ಸ್ ಇಲ್ಲ, ವಾದ್ಯಕ್ಕೇ ಅಂಟಿಸುವ ಪಿಕಪ್ ಇಲ್ಲ, ಸ್ಪೀಕರ್ ಕೂಡ ಇಲ್ಲ. ಸುಮಾರು 60 ಜನ ಕೂರುವ ಹಾಲ್, ಮರದ ನೆಲ. ಕಳೆದ ತಿಂಗಳು ಅವರ ಕಾರ್ಯಕ್ರಮ ರೆಕಾರ್ಡ್ ಮಾಡೋಕೆ ಹೋಗಿ ಮರ್ಯಾದೆ ಕಳೆದುಕೊಂಡೆ.

ಅವರಿವರ ಹತ್ತಿರ ಕೇಳಿ ತಂದು ಎಂಟು ಮೈಕ್ ಇಟ್ಟೆ. ವಾದ್ಯಕ್ಕೊಂದು, ಗಂಟಲಿಗೊಂದು. ಸ್ಟ್ಯಾಂಡುಗಳ ನಡುವೆ ಆಡುವವರೇ ಕಾಣುತ್ತಿರಲಿಲ್ಲ. ಮನೆಗೆ ಬಂದು ಕೇಳಿದರೆ ಎಂಟು ಟ್ರ್ಯಾಕಲ್ಲೂ ಬ್ಯಾಂಜೋ! ಫಿಡಲ್ ಮೈಕಲ್ಲಿ ಫಿಡಲ್‌ಗಿಂತ ಬ್ಯಾಂಜೋ ಜೋರು. ಹಾಡಿನ ಮೈಕಿನ ಸದ್ದು ಎತ್ತಿದರೆ ಗಿಟಾರ್ ಡಬ್ಬದೊಳಗೆ ಕೂತು ನುಡಿಸಿದ ಹಾಗೆ. ಇಳಿಸಿದರೆ ಹಾಡೇ ಇಲ್ಲ. ಗಿಟಾರಿನ ಮೈಕನ್ನು ತೂತಿನ ಎದುರಿಗೇ ಇಟ್ಟಿದ್ದೆ, ಅದೊಂದು ಡಂ ಡಂ ಬೇರೆ. ಫಿಡಲ್ ನುಡಿಸುವವಳು ಪೂರ್ತಿ ಕೇಳಿ, "ಇದು ನಾವೇನಾ?" ಅಂದಳು. ಅಷ್ಟೇ ಅಂದದ್ದು.

ಪಾಪ, ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ನನ್ನ ಸ್ವಂತದ್ದು ಇಷ್ಟು: 4 ಇನ್‌ಪುಟ್ ಇರುವ ರೆಕಾರ್ಡರ್, ಸಣ್ಣ ಡಯಾಫ್ರಮ್ ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ) ಕಂಡೆನ್ಸರ್ ಮೈಕ್ ಒಂದು ಜೋಡಿ, ಪ್ಯಾಟರ್ನ್ (ಯಾವ ದಿಕ್ಕಿನ ಸದ್ದು ಹಿಡಿಯಬೇಕು ಅನ್ನುವುದು) ಬದಲಿಸಬಹುದಾದ ದೊಡ್ಡ ಡಯಾಫ್ರಮ್ ಕಂಡೆನ್ಸರ್ ಒಂದು, ಮತ್ತೆ ಒಂದು ಮಾಮೂಲಿ ಮೈಕ್, ಎಸ್‌ಎಂ57. ಇಷ್ಟರಲ್ಲಿ ಆಗುತ್ತಾ? ಇಲ್ಲ ಎಂಟು ಇನ್‌ಪುಟ್ಟಿನದೇ ಕೊಳ್ಳಬೇಕಾ?

ಮೂಲೆಕಿವಿ:

ಏನೂ ಕೊಳ್ಳಬೇಡಿ. ನಿಮ್ಮ ಹತ್ತಿರ ಇರುವುದೇ ಒಂದೆರಡು ಜಾಸ್ತಿ.

ನಾನೂ ಇದೇ ಗುಂಡಿಗೆ ಬಿದ್ದು ಎದ್ದವನು. ನನ್ನದು ಹನ್ನೆರಡು ಮೈಕ್. ಅದರ ಮಿಕ್ಸ್ (ಎಲ್ಲ ಟ್ರ್ಯಾಕ್ ಹದವಾಗಿ ಕೂಡಿಸುವ ಕೆಲಸ) ಇನ್ನೂ ಮುಗಿದಿಲ್ಲ, ಆ ಬ್ಯಾಂಡೇ ಮುಗಿದುಹೋಯಿತು.

ಬ್ಯಾಂಜೋ ಅಂದರೆ ಬಿಗಿದ ಡ್ರಮ್ಮಿನ ಮೇಲೆ ತಂತಿ ಕಟ್ಟಿದ ಹಾಗೆ. ಬ್ಲೂಗ್ರಾಸಿನಲ್ಲಿ ಬಳಸುವುದಕ್ಕೆ ಬೆನ್ನಿಗೆ ರೆಸೊನೇಟರ್ ಇರುತ್ತದೆ. ಹಿಂದಕ್ಕೆ ಹೋಗಬೇಕಾದ ಸದ್ದನ್ನೂ ಅದು ಮುಂದಕ್ಕೆ ತಳ್ಳುತ್ತದೆ. ಆ ಸದ್ದು ನಿಮ್ಮ ಎಂಟು ಮೈಕಿಗೂ ಬೇರೆ ಬೇರೆ ಹೊತ್ತಿಗೆ ಹೋಗಿ ಮುಟ್ಟಿದೆ, ತೊಂದರೆ ಇರುವುದು ಅಲ್ಲಿ. ಸದ್ದು 1 ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಹೋಗುತ್ತದೆ. ಒಂದೇ ವಾದ್ಯದಿಂದ ಎರಡು ಮೈಕಿಗೆ ದೂರದಲ್ಲಿ 34 ಸೆಂ.ಮೀ. ವ್ಯತ್ಯಾಸ ಇದೆ ಅಂತಿಟ್ಟುಕೊಳ್ಳಿ. ಎರಡನ್ನೂ ಕೂಡಿಸಿದಾಗ 500 ಹರ್ಟ್ಸ್ ಹತ್ತಿರ ಒಂದು ಹಳ್ಳ ಬೀಳುತ್ತದೆ, 1500ರ ಹತ್ತಿರ ಇನ್ನೊಂದು, 2500ರ ಹತ್ತಿರ ಮತ್ತೊಂದು. ಬಾಚಣಿಗೆಯ ಹಲ್ಲಿನ ಹಾಗೆ. ನಿಮ್ಮ ಡಬ್ಬದ ಗಿಟಾರ್ ಹುಟ್ಟಿದ್ದು ಹೀಗೆ. ಇಕ್ಯೂ (ತಗ್ಗು-ಎತ್ತರದ ಸ್ವರ ಏರಿಳಿಸುವ ಗುಂಡಿ) ಎಷ್ಟು ತಿರುಗಿಸಿದರೂ ಅದು ಹೋಗುವುದಿಲ್ಲ.

ಮೂರಕ್ಕೊಂದರ ಲೆಕ್ಕ ಅಂತ ಒಂದಿದೆ. ವಾದ್ಯಕ್ಕೂ ಮೈಕಿಗೂ 30 ಸೆಂ.ಮೀ. ಇದ್ದರೆ ಪಕ್ಕದ ಮೈಕ್ 90 ಸೆಂ.ಮೀ. ಆಚೆ ಇರಬೇಕು ಅಂತ. ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಬ್ಯಾಂಡಿನಲ್ಲಿ ಆ 90 ಎಲ್ಲಿಂದ ತರುವುದು? ಅದೂ ಎಲ್ಲ ವಾದ್ಯ ಒಂದೇ ಜೋರಿದ್ದಾಗಿನ ಮಾತು. ಬ್ಯಾಂಜೋ ಎದುರು ಗಿಟಾರ್ ಯಾವ ಲೆಕ್ಕ!

ಹಾಗಾಗಿ ಮೈಕ್ ಬಿಡಿ, ಮನುಷ್ಯರನ್ನು ಸರಿಸಿ. ಇದೇನು ನನ್ನ ಹೊಸ ಬುದ್ಧಿ ಅಲ್ಲ. 1940ರ ದಶಕದಲ್ಲಿ, ಬ್ಲೂಗ್ರಾಸ್ ಶುರುಮಾಡಿದ ಬಿಲ್ ಮನ್ರೋ ಅವರ ಕಾಲದ ಬ್ಯಾಂಡುಗಳು ರೇಡಿಯೊದಲ್ಲಿ, ವೇದಿಕೆಯಲ್ಲಿ ಒಂದೇ ಮೈಕಿನ ಸುತ್ತ ನಿಂತು ನುಡಿಸುತ್ತಿದ್ದವು. ಸೋಲೋ ಬಂದವರು ಮುಂದೆ ಬರುವುದು, ಮುಗಿದ ಕೂಡಲೇ ಹಿಂದೆ ಸರಿಯುವುದು. ಡೆಲ್ ಮೆಕೌರಿ ಬ್ಯಾಂಡ್ 1990ರ ದಶಕದಲ್ಲಿ ಅದನ್ನೇ ಮತ್ತೆ ವೇದಿಕೆಗೆ ತಂದಿತು. ಮೈಕಿನ ಮುಂದೆ ಯಾರೂ ಯಾರಿಗೂ ಡಿಕ್ಕಿ ಹೊಡೆಯದೆ ಜಾಗ ಬದಲಿಸುವುದನ್ನು ನೋಡುವುದೇ ಚಂದ. ಅಲ್ಲಿ ಮಿಕ್ಸಿಂಗ್ ಎಲ್ಲ ಕಾಲಿನಲ್ಲೇ ಆಗುತ್ತದೆ. ದೂರ ಎರಡು ಪಟ್ಟಾದರೆ ನೇರ ಸದ್ದು 6 ಡೆಸಿಬೆಲ್ ಇಳಿಯುತ್ತದೆ, ಮೈಕಿಗೆ ಹತ್ತಿರ ಇದ್ದಷ್ಟೂ ಒಂದು ಹೆಜ್ಜೆಗೆ ಬೆಲೆ ಜಾಸ್ತಿ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಸಣ್ಣ ಕಂಡೆನ್ಸರ್ ಜೋಡಿಯನ್ನು ಓಆರ್‌ಟಿಎಫ್‌ ಅನ್ನುವ ಸ್ಟೀರಿಯೊ ಜೋಡಣೆಯಲ್ಲಿ ಕಟ್ಟಿ: ತುದಿಗಳ ನಡುವೆ 17 ಸೆಂ.ಮೀ., ಕೋನ 110 ಡಿಗ್ರಿ. ಎತ್ತರ ಹಾಡುವವರ ಗದ್ದದ ಮಟ್ಟಕ್ಕಿರಲಿ. ಬ್ಯಾಂಡ್ ಅರ್ಧ ವೃತ್ತದಲ್ಲಿ ನಿಲ್ಲಲಿ, ಮೈಕಿನಿಂದ ಒಂದೂಕಾಲು ಮೀಟರ್ ಆಚೆ. ಹಾಡುವವರೂ ಗಿಟಾರೂ ನಡುವೆ. ಬ್ಯಾಂಜೋ ಎರಡು ಹೆಜ್ಜೆ ಹಿಂದೆ, ವಾದ್ಯದ ಮುಖ ಮೈಕಿನಿಂದ ಸ್ವಲ್ಪ ಹೊರಕ್ಕೆ. ಬರೀ ಮುಖ ತಿರುಗಿಸಿದರೇ ಆ ಚುಚ್ಚುವ ಕೀರಲು ಎಷ್ಟು ಇಳಿಯುತ್ತದೆ ನೋಡಿ.

ಬಾಸ್ ಮಾತ್ರ ದೂರದಿಂದ ಸಿಗುವುದಿಲ್ಲ. ಅದರ ಕೆಳಗಿನ ಇ ತಂತಿ 41 ಹರ್ಟ್ಸ್. ಕಾರ್ಡಿಯಾಯ್ಡ್ ದೂರ ಹೋದಷ್ಟೂ ತಳ ಬಿಟ್ಟುಕೊಡುತ್ತದೆ. ದೊಡ್ಡ ಕಂಡೆನ್ಸರನ್ನು ಫಿಗರ್-8ಕ್ಕೆ (ಹಿಂದೆ ಮುಂದೆ ಮಾತ್ರ ಕೇಳುವ ಪ್ಯಾಟರ್ನ್) ಹಾಕಿ, ಬಾಸಿನ ತಂತಿ ಹೊತ್ತು ನಿಲ್ಲುವ ಬ್ರಿಡ್ಜಿನ ಕೆಳಗೆ, 25 ಸೆಂ.ಮೀ. ದೂರದಲ್ಲಿ ಇಡಿ. ಫಿಗರ್-8ರ ಎರಡೂ ಮಗ್ಗುಲು ಪೂರ್ತಿ ಕಿವುಡು. ಆ ಕಿವುಡು ಮಗ್ಗುಲು ನೇರ ಬ್ಯಾಂಜೋಗೆ ಇರಲಿ. ಮೈಕಿನ ಮುಂಭಾಗಕ್ಕಿಂತ ಇದು ಮುಖ್ಯ ಅಂದರೂ ತಪ್ಪಿಲ್ಲ. ಇಷ್ಟು ಹತ್ತಿರದಲ್ಲಿ ತಗ್ಗಿನ ಸ್ವರ ಉಬ್ಬುತ್ತದೆ, ಆಮೇಲೆ ಸ್ವಲ್ಪ ಕತ್ತರಿಸಿಕೊಳ್ಳಿ.

ಎಸ್‌ಎಂ57 ಚೀಲದಲ್ಲೇ ಇರಲಿ.

ಗದ್ದಲಪ್ರಿಯ:

ಮೂಲೆಕಿವಿ ಹೇಳಿದ್ದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿಗೆ ನನ್ನ ತಕರಾರು.

ಒಂದು, ಅಷ್ಟು ಹತ್ತಿರಕ್ಕೆ ಓಆರ್‌ಟಿಎಫ್ ತುಂಬಾ ಅಗಲ. ಒಂದು ತುದಿಯ ಫಿಡಲ್ ಎಡ ಕಿವಿಗೆ ಅಂಟಿಕೊಳ್ಳುತ್ತದೆ, ನಡುವೆ ಹಾಡು ತೆಳ್ಳಗಾಗುತ್ತದೆ. ಎಕ್ಸ್‌ವೈ ಜೋಡಣೆ ಹಾಕಿ, 90 ಡಿಗ್ರಿ, ತುದಿಗಳು ಒಂದರ ಮೇಲೊಂದು. ಎರಡಕ್ಕೂ ಸದ್ದು ಒಟ್ಟಿಗೇ ಬರುವುದರಿಂದ ಎರಡನ್ನೂ ಕೂಡಿಸಿ ಮೊನೊ ಮಾಡಿದರೂ ಹಳ್ಳ ಬೀಳುವುದಿಲ್ಲ. ಫೋನಿನ ಸ್ಪೀಕರಲ್ಲಿ ಕೇಳುವವರೇ ಜಾಸ್ತಿ ಈಗ, ಅಲ್ವಾ?

ಎರಡು, ಗಿಟಾರ್ ಸೋಲೋ. ಮೂರು ಮೈಕಲ್ಲಿ ರೆಕಾರ್ಡ್ ಮಾಡಿ ಬೀಗುತ್ತಿದ್ದೆ. ಗಿಟಾರಿನವನು ಬಂದು, "ನಾನು ಸೋಲೋ ಹೊಡೆದೆನಲ್ಲ, ಎಲ್ಲಿ ಹೋಯಿತು?" ಅಂದ. ಅವನು ಮೈಕಿನ ಹತ್ತಿರ ಬಂದಿರಲೇ ಇಲ್ಲ. ಎಲ್ಲರಿಗೂ ಆ ಕುಣಿತ ಬರುವುದಿಲ್ಲ ಸ್ವಾಮಿ. ನಾಲ್ಕನೇ ಇನ್‌ಪುಟ್ ಖಾಲಿ ಇದೆಯಲ್ಲ, ಎಸ್‌ಎಂ57 ಹೊರಗೆ ತೆಗೆಯಿರಿ. ಗಿಟಾರಿನ ಕತ್ತು ಹೊಟ್ಟೆಗೆ ಸೇರುವ ಕಡೆಗೆ ತಿರುಗಿಸಿ, ಒಂದು ಗೇಣು ದೂರ. ತೂತಿನ ಕಡೆ ಬೇಡ, ನಿಮಗೆ ಈಗಾಗಲೇ ಗೊತ್ತಾಗಿದೆ. ಸೋಲೋ ಬಂದಾಗ ಮಾತ್ರ ಅದರ ಸದ್ದು ಎತ್ತಿ.

ಮೂಲೆಕಿವಿ:

ಎಕ್ಸ್‌ವೈ ಒಪ್ಪಿದೆ. 57 ಬೇಕಾದರೆ ಇಡಿ, ಆದರೆ ಬ್ಯಾಂಜೋ ಅದರ ಬೆನ್ನ ಹಿಂದೆ ಬರಬೇಕು. ಅದೂ ಕಾರ್ಡಿಯಾಯ್ಡೇ, ಕಿವುಡಾಗುವುದು ಬೆನ್ನಿಗೆ. ಇನ್ನೊಂದು ಮರೆತಿದ್ದೆ. ಬಾಸ್ ಮೈಕಿಗಿಂತ ಜೋಡಿ ಮೈಕ್ ಬಾಸಿನಿಂದ ಎರಡೂವರೆ ಮೀಟರ್ ಹೆಚ್ಚು ದೂರ ಇದ್ದರೆ, ಬಾಸ್ ಟ್ರ್ಯಾಕನ್ನು 7 ಮಿಲಿಸೆಕೆಂಡ್ ತಡ ಮಾಡಿ, ಎರಡೂ ಒಟ್ಟಿಗೆ ಬರಲಿ. ಟೇಪ್ ಹಿಡಿದು ಅಳೆಯಿರಿ, ಅಂದಾಜು ಬೇಡ. 24 ಬಿಟ್‌ನಲ್ಲಿ ಮಾಡಿ. ಅತಿ ಜೋರಾದಾಗಲೂ ರೆಕಾರ್ಡರಿನ ಸದ್ದಿನ ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲಲಿ. ಅಭ್ಯಾಸದಲ್ಲಿ ನುಡಿಸಿದ್ದಕ್ಕಿಂತ ಜನರ ಮುಂದೆ ಜೋರಾಗಿಯೇ ನುಡಿಸುತ್ತಾರೆ.

ತಂತಿಮರುಳ:

ಮುಗಿಸಿಕೊಂಡು ಬಂದೆ, ವರದಿ ಒಪ್ಪಿಸುತ್ತೇನೆ.

ಎಕ್ಸ್‌ವೈ, ಬಾಸಿಗೆ ಫಿಗರ್-8, ಗಿಟಾರಿಗೆ 57. ಒಂದು ಗಂಟೆ ಮೊದಲೇ ಬರೋಕೆ ಹೇಳಿ, ಒಂದೇ ಹಾಡನ್ನು ಏಳು ಸಲ ನುಡಿಸಿಸಿದೆ. ಪ್ರತಿ ಸಲ ಪಕ್ಕದ ಕೋಣೆಗೆ ಓಡಿ ಹೆಡ್‌ಫೋನಲ್ಲಿ ಕೇಳುವುದು, ಬಂದು ಜನರನ್ನು ಸರಿಸುವುದು, ನಿಂತ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸುವುದು. ಬ್ಯಾಂಜೋ ಎರಡು ಹೆಜ್ಜೆಯಲ್ಲ, ಮೂರು ಹೆಜ್ಜೆ ಹಿಂದೆ ಹೋಗಬೇಕಾಯಿತು. ನಾಲ್ಕನೇ ಸಲ ಅವನು, "ಇನ್ನು ಹಿಂದೆ ಹೋದರೆ ಗೋಡೆ" ಅಂದ. ನಿಜ, ಗೋಡೆಯೇ ಇತ್ತು. ಗೋಡೆಗೆ ಹತ್ತಿರ ಹೋದಾಗ ಅದು ಸದ್ದನ್ನು ವಾಪಸ್ ಒದೆಯಲು ಶುರುಮಾಡಿತು, ಅರ್ಧ ಹೆಜ್ಜೆ ಮುಂದೆ ಕರೆದೆ.

ಮ್ಯಾಂಡೊಲಿನ್ ಬಗ್ಗೆ ಯಾರೂ ಹೇಳಿರಲಿಲ್ಲ. ಡ್ರಮ್ಸ್ ಇಲ್ಲದ ಕಡೆ ಹಿಮ್ಮೇಳದ ಆ "ಚಕ್" ಪೆಟ್ಟೇ ತಾಳ. ಅದು ಬಾಸಿನ ಎದುರು ಬದಿಗೆ ಬಂದಾಗ ಎರಡೂ ಬಿಡಿಸಿ ಕೇಳಿಸಿದವು. ಹಾಡು ನಡುವೆ ಗಟ್ಟಿಯಾಗಿ ನಿಂತಿದೆ. ಗಿಟಾರಿನ 57 ಬೇಕಾದದ್ದು ಎರಡೇ ಹಾಡಿನಲ್ಲಿ.

ಒಂದೇ ಎಡವಟ್ಟು. ಬಾಸಿನವನು ಕಾಲಲ್ಲಿ ತಾಳ ಹಾಕುತ್ತಾನೆ, ಮರದ ನೆಲ, ಸ್ಟ್ಯಾಂಡಿನ ಮೂಲಕ ಮೈಕಿಗೆ ಧಬ್ ಧಬ್. 41 ಹರ್ಟ್ಸ್ ಬಾಸಿಗೆ ಬೇಕು, ಅದಕ್ಕೇ ಫಿಲ್ಟರ್ ಹಾಕೋಕೆ ಭಯ. ಏನು ಮಾಡಲಿ?

ಗದ್ದಲಪ್ರಿಯ:

ಈ ಸಲದ್ದಕ್ಕೆ 35 ಹರ್ಟ್ಸ್ ಕೆಳಗೆ ಕಡಿದಾಗಿ ಕತ್ತರಿಸಿ ನೋಡಿ, ಅರ್ಧ ಹೋಗುತ್ತದೆ. ಮುಂದಿನ ಸಲ ಸ್ಟ್ಯಾಂಡಿನ ಕೆಳಗೆ ದಪ್ಪ ಕಂಬಳಿ ನಾಲ್ಕು ಮಡಿಕೆ, ಮೈಕಿಗೆ ಅದುರು ತಡೆಯುವ ಶಾಕ್‌ಮೌಂಟ್. ಅವನಿಗೆ ಬೂಟು ಬಿಚ್ಚೋಕೂ ಹೇಳಿ.

ತಂತಿಮರುಳ:

ಬೂಟು ಬಿಚ್ಚಿಯೇ ನುಡಿಸಿದ್ದು. ಕಂಬಳಿ ತರುತ್ತೇನೆ.