ಸಹಾಯ ಬೇಕು: ಮೊಲ ಮುಟ್ಟದ ಹೂಗಿಡಗಳು ಯಾವುವು?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮೂಡಿಗೆರೆ ತಾಲ್ಲೂಕಿನಲ್ಲಿದ್ದು, ಕಾಫಿ ತೋಟಕ್ಕೆ ಹೊಂದಿಕೊಂಡಿರುವ ಹಿತ್ತಿಲಿನಲ್ಲಿ ಬೀನ್ಸ್, ಹರಿವೆ ಮತ್ತು ಸೇವಂತಿಗೆ ಬೆಳೆಯುತ್ತಿದ್ದೇವೆ. ಮೂರು ವಾರಗಳಿಂದ ರಾತ್ರಿ ಹೊತ್ತು ಕಾಡುಮೊಲಗಳು ನುಗ್ಗಿ, ಆಗಷ್ಟೇ ಎಲೆಬಿಟ್ಟ ಬೀನ್ಸ್ ಸಸಿಗಳನ್ನು ಚಾಕುವಿನಿಂದ ಓರೆಯಾಗಿ ಕೊಯ್ದಂತೆ ಕತ್ತರಿಸಿ ಹೋಗುತ್ತಿವೆ. ಮೊದಲು ಬಸವನಹುಳುವಿನ ಮೇಲೆ ಅನುಮಾನವಿತ್ತು. ಪಾತಿಯಲ್ಲಿ ಬಿದ್ದಿದ್ದ ಕಡಲೆಕಾಳಿನಂಥ ಉರುಟು ಹಿಕ್ಕೆಗಳನ್ನು ಕಂಡ ಮೇಲೆ ಅದು ಉಳಿಯಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಲದ ಬೇಟೆ ಅಪರಾಧವಾದ್ದರಿಂದ ಉರುಳು ಒಡ್ಡುವ ಸಲಹೆಯನ್ನು ದಯವಿಟ್ಟು ಕೊಡಬೇಡಿ (ಅಕ್ಕಪಕ್ಕದವರಿಂದ ಅದನ್ನು ಸಾಕಷ್ಟು ಕೇಳಿದ್ದಾಗಿದೆ).

ಪಾತಿಯ ಸುತ್ತ ಘಾಟು ವಾಸನೆಯ ಹೂಗಿಡಗಳನ್ನು ಒತ್ತಾಗಿ ನೆಡಬೇಕೆಂಬುದು ನನ್ನ ಯೋಚನೆ. ಚೆಂಡುಹೂ ನೆಟ್ಟು ನೋಡಿದೆ. ಬಲಿತ ಗಿಡಗಳನ್ನು ಮೊಲಗಳು ಬಿಟ್ಟರೂ ಎಳೆಯ ಕುಡಿಗಳನ್ನು ಮೇಯ್ದವು. ಆಸೆಯಿಂದ ತಂದ ಲ್ಯಾವೆಂಡರ್ ನಮ್ಮ ಆಷಾಢದ ಮಳೆಗೆ ಬೇರು ಕೊಳೆತು ಸತ್ತಿತು. ಸಾಲ್ವಿಯಾ ಅಥವಾ ಜೆರೇನಿಯಂ ಗಿಡಗಳನ್ನು ಇದೇ ಉದ್ದೇಶಕ್ಕೆ ಮಲೆನಾಡಿನಲ್ಲಿ ಬೆಳೆಸಿದವರಿದ್ದರೆ ಅನುಭವ ತಿಳಿಸಬೇಕು. ನಿತ್ಯಪುಷ್ಪ ಮಳೆ ತಡೆದೀತೇನೋ, ಆದರೆ ಅದು ವಿಷಕಾರಿಯಾದ್ದರಿಂದ ಮನೆಯ ಕರು ಬಾಯಿ ಹಾಕೀತೆಂಬ ಭಯವಿದೆ.

ಹಸಿದ ಮೊಲವನ್ನು ಹೂವೊಂದೇ ತಡೆಯಲಾರದೆಂಬುದು ನನಗೂ ಗೊತ್ತು. ಆದ್ದರಿಂದ ಸಸಿಗಳು ಬಲಿಯುವವರೆಗೆ ಎರಡೂವರೆ ಅಡಿ ಎತ್ತರದ, ಒಂದಿಂಚು ಕಣ್ಣಿನ ಜಾಲರಿ ಕಟ್ಟುವವನಿದ್ದೇನೆ. ನಮ್ಮ ಕಾಡುಮೊಲ ಬಿಲ ತೋಡುವ ಪ್ರಾಣಿಯಲ್ಲವಾದರೂ ಜಾಲರಿಯ ಬುಡವನ್ನು ಮಣ್ಣಿನಲ್ಲಿ ಹೂಳಬೇಕೇ, ಅಥವಾ ಕಲ್ಲು ಹೇರಿದರೆ ಸಾಕೇ?