ಅಮ್ಮ ಮೊದಲ ಸಲ ದುಬೈಗೆ: ಮಂಗಳೂರಿನಿಂದ ಕಳಿಸಲಾ, ಬೆಂಗಳೂರಿನಿಂದ ಕಳಿಸಲಾ?

ಕಟಪಾಡಿ ಹುಡುಗ:
ನಮಸ್ಕಾರ. ಅಕ್ಕನಿಗೆ ಆಗಸ್ಟ್‌ನಲ್ಲಿ ಹೆರಿಗೆ. ಬಾಣಂತನಕ್ಕೆಂದು ಅಮ್ಮ ಜುಲೈಯಲ್ಲಿ ದುಬೈಗೆ ಹೊರಟಿದ್ದಾರೆ. ವಯಸ್ಸು 66, ಇದುವರೆಗೆ ವಿಮಾನ ಹತ್ತಿದವರಲ್ಲ. ತುಳು, ಕನ್ನಡ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ನಾನು ಪುಣೆಯಲ್ಲಿದ್ದೇನೆ, ಜೊತೆಗೆ ಹೋಗಲು ರಜೆ ಇಲ್ಲ. ಮಂಗಳೂರಿನಿಂದ ನೇರ ವಿಮಾನ ಉಂಟು. ಆದರೆ ಮಾವ ಒಪ್ಪುತ್ತಿಲ್ಲ. "ಗುಡ್ಡದ ಮೇಲಿನ ರನ್‌ವೇ, ಅದರ ಮೇಲೆ ಮಳೆಗಾಲ. ಬೆಂಗಳೂರಿಂದ ಕಳಿಸು" ಅನ್ನುತ್ತಾರೆ. 2010ರಲ್ಲಿ ದುಬೈನಿಂದ ಬಂದ ವಿಮಾನ ಮಂಗಳೂರಿನಲ್ಲಿ ಇಳಿಯುವಾಗ ಆದ ದುರಂತದಲ್ಲಿ ನಮ್ಮ ಪಕ್ಕದ ಮನೆಯವರೊಬ್ಬರು ತೀರಿಕೊಂಡಿದ್ದರು. ಹಾಗಾಗಿ ಮಾವನ ಮಾತು ತಳ್ಳಿಹಾಕಲು ನನಗೂ ಆಗುತ್ತಿಲ್ಲ. ಇನ್ನೊಂದು, ಅಮ್ಮ ನಮ್ಮ ಗಿಡದ ಮಲ್ಲಿಗೆ ಒಯ್ಯಬೇಕು ಅನ್ನುತ್ತಾರೆ. ಆಗುತ್ತದಾ?

ಕಿನ್ನಿಗೋಳಿಯವ:
ಮಂಗಳೂರಿನಿಂದಲೇ ಕಳಿಸಿ. ನಾನು ಗಲ್ಫಿಗೆ ಮೊದಲು ಹೋದದ್ದು 2004ರಲ್ಲಿ. ಆಗ ಬಜಪೆಯಿಂದ, ಅಂದರೆ ಮಂಗಳೂರು ವಿಮಾನ ನಿಲ್ದಾಣದಿಂದ, ಗಲ್ಫಿಗೆ ವಿಮಾನ ಇರಲಿಲ್ಲ. ಬಸ್ಸಲ್ಲಿ ಮುಂಬೈಗೆ ಹೋಗಿ, ಅಲ್ಲಿಂದ ಹಾರಬೇಕಿತ್ತು. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯನ್ನು ರಾತ್ರಿಯಿಡೀ ಕಾಲ ಸಂದಿಯಲ್ಲಿ ಹಿಡಿದು ಕೂತಿದ್ದೆ. 2006ರಲ್ಲಿ ಹೊಸ ರನ್‌ವೇ ಬಂತು, ಅದೇ ವರ್ಷ ದುಬೈಗೆ ನೇರ ವಿಮಾನವೂ ಶುರುವಾಯಿತು. ಆ ಸುಖ ಏನೆಂದು ನಮಗೆ ಗೊತ್ತು.

ಭಯದ ವಿಷಯ. ಆ ದಿನ, ಮೇ 22ಕ್ಕೆ, ನಾನು ದಮಾಮಿನಲ್ಲಿದ್ದೆ. ಟಿವಿ ಮುಂದೆ ಕೂತು ಹೆಸರಿನ ಪಟ್ಟಿ ಓದುತ್ತಿದ್ದೆವು, ಯಾರೂ ಊಟ ಮಾಡಲಿಲ್ಲ. 158 ಜನ ಹೋದರು, ಉಳಿದವರು 8. ನಿಮ್ಮ ಮಾವನಿಗೆ ಇದನ್ನು ಹೇಳಿ: ವಿಮಾನ ತುಂಬಾ ಎತ್ತರದಲ್ಲಿ ಬಂದು, 2,450 ಮೀಟರ್ ರನ್‌ವೇಯಲ್ಲಿ ಅರ್ಧಕ್ಕಿಂತ ಜಾಸ್ತಿ ದಾಟಿದ ಮೇಲೆ ನೆಲ ಮುಟ್ಟಿತು. ಮತ್ತೆ ಮೇಲೇರಿ ಎಂದು ಸಹ ಪೈಲಟ್ ಮೂರು ಸಲ ಹೇಳಿದ್ದರು ಅಂತ ತನಿಖೆಯಲ್ಲಿ ಬಂತು. ಗುಡ್ಡದ ಮೇಲೆ ತಪ್ಪಿಗೆ ಜಾಗ ಕಡಿಮೆ, ಅದು ನಿಜ. ಆದರೆ ಆ ದಿನದ ತಪ್ಪು ರನ್‌ವೇದಲ್ಲ.

ಮಳೆಗಾಲದಲ್ಲಿ ಮೋಡ ಕೆಳಗಿಳಿದರೆ ಇಲ್ಲಿ ಇಳಿಸುವುದಿಲ್ಲ. ಒಂದು ಜುಲೈಯಲ್ಲಿ ನಮ್ಮ ವಿಮಾನ ಎರಡು ಸುತ್ತು ಹಾಕಿ ಕೊಚ್ಚಿಗೆ ಹೋಯಿತು. ಮೂರು ಗಂಟೆ ಸೀಟಲ್ಲೇ ಕೂತೆವು. ಪಕ್ಕದ ಅಜ್ಜಿಗೆ ಕಾಯುವುದೇ ಕಷ್ಟವಾಯಿತು, ಆದರೆ ಸುತ್ತ ಎಲ್ಲ ತುಳು, ಬ್ಯಾರಿ ಮಾತನಾಡುವವರು. ಒಬ್ಬರು ನೀರು ಕೊಟ್ಟರು, ಒಬ್ಬರು ಮಗಳಿಗೆ ಫೋನ್ ಹಚ್ಚಿಕೊಟ್ಟರು. ನಿಮ್ಮ ಅಮ್ಮನಿಗೆ ಬೇಕಾದದ್ದು ಅದು. ಬೆಂಗಳೂರಿನ ದೇವನಹಳ್ಳಿ ನಿಲ್ದಾಣದಲ್ಲಿ ಅವರು ಯಾರನ್ನು ಕೇಳಬೇಕು? ಅಲ್ಲದೆ ಬೆಂಗಳೂರಿಗೆ ಹೋಗುವ ದಾರಿಯ ಶಿರಾಡಿ ಘಾಟಿಯನ್ನು ಮಳೆಗಾಲದಲ್ಲಿ ನಂಬಿ ವಿಮಾನಕ್ಕೆ ಹೊರಡುವುದು ಬೇಡ ಮಾರಾಯ್ರೆ.

ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಬೇಕೆಂದು ಹೇಳಿ. ನಡೆಯಲು ಆಗುವವರಿಗೂ ಉಪಕಾರ. ಜೊತೆಗೊಬ್ಬರು ಇರುತ್ತಾರೆ, ಇಮಿಗ್ರೇಷನ್‌ನಲ್ಲಿ ಅಮ್ಮ ಒಬ್ಬರೇ ನಿಲ್ಲಬೇಕಾಗಿಲ್ಲ. ವಿಮಾನ ನಿಲ್ದಾಣಕ್ಕೆ ಮೂಲ್ಕಿಯಿಂದ ಕಿನ್ನಿಗೋಳಿ, ಕಟೀಲು ದಾರಿಯಲ್ಲಿ ಬನ್ನಿ. ಅಮ್ಮನಿಗೆ ಕಟೀಲಿನಲ್ಲಿ ಕೈಮುಗಿದ ಹಾಗೂ ಆಯಿತು.

ಮಲ್ಲಿಗೆ ಬಗ್ಗೆ: ನಾನು ಕಟ್ಟಿದ ಹೂವಿನ ಒಂದು ಚೆಂಡನ್ನು ಬಾಳೆಎಲೆಯಲ್ಲಿ ಸುತ್ತಿ ಕೈಚೀಲದಲ್ಲೇ ಒಯ್ದಿದ್ದೇನೆ. ಇಳಿದಾಗಲೂ ಪರಿಮಳ ಹಾಗೇ ಇತ್ತು.

ಮೂಡುಬಿದಿರೆ ಅಕ್ಕ:
ಬಾಣಂತನಕ್ಕೆ ಅಂದರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗಸಗಸೆ ಬೇಡವೇ ಬೇಡ! ಯುಎಇಯಲ್ಲಿ ಅದು ನಿಷೇಧ, ಸಿಕ್ಕಿದರೆ ಮಾದಕ ವಸ್ತುವಿನ ಕೇಸು. ಪೊಟ್ಟಣ ಮಾತ್ರ ಅಲ್ಲ, ಅಂಟಿನುಂಡೆಗೆ ಹಾಕಿದ್ದರೂ ಕಳಿಸಬೇಡಿ. ಒಣ ಕೊಬ್ಬರಿ ಬೇಗ ಬೆಂಕಿ ಹಿಡಿಯುತ್ತದೆ ಅಂತ ವಿಮಾನಕ್ಕೇ ಬಿಡುವುದಿಲ್ಲ. ಪವರ್ ಬ್ಯಾಂಕ್ ಇದ್ದರೆ ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಡಿ, ಕೈಚೀಲದಲ್ಲಿ ಇರಲಿ. ನಾನು ಮಗಳ ಬಾಣಂತನಕ್ಕೆ ಹೋದಾಗ ನಮ್ಮ ಅತ್ತೆ ಕೊಟ್ಟ ಕೊಬ್ಬರಿ ಅಲ್ಲೇ ತೆಗೆದಿಡಬೇಕಾಯಿತು. ತುಂಬಾ ಬೇಜಾರಾಗಿತ್ತು.

ಕಟಪಾಡಿ ಹುಡುಗ:
ಅಕ್ಕ, ದೊಡ್ಡ ಉಪಕಾರ. ಅಮ್ಮನಿಗೆ ಈಗಷ್ಟೇ ಫೋನ್ ಮಾಡಿದೆ. ಉಂಡೆಗೆಂದು ಗಸಗಸೆ ತಂದಿಟ್ಟಿದ್ದರಂತೆ, ಡಬ್ಬಿ ವಾಪಸ್ ಒಳಗೆ ಹೋಯಿತು. ಕಿನ್ನಿಗೋಳಿ ಅಣ್ಣ, ನಿಮ್ಮ ಉತ್ತರವನ್ನು ಮಾವನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾರು ನಾನೇ ತರುತ್ತೇನೆ, ಕಟೀಲಿಗೆ ಬೆಳಿಗ್ಗೆ ಬೇಗ ಮುಟ್ಟಬೇಕು" ಅಂದರು. ಟಿಕೆಟ್ ಮಂಗಳೂರಿನಿಂದಲೇ.